ರಿಲೇಗೊಂದು ರಬ್ಬರ್ ಟೊಪ್ಪಿಗೆ

ಆಳಂದ
18 ಜುಲೈ 1994

ಚಿ. ಬಂದೇನವಾಜನಿಗೆ ಶಾಂತಲಿಂಗಪ್ಪನ ಶರಣು.

ವರ್ಷದ ಮೇಲೆ ನಿನಗೆ ಪತ್ರ ಬರೆಯುತ್ತಿದ್ದೇನೆ. ಕ್ಷೇಮ ಕೇಳಲು ಅಲ್ಲ, ಕೆಲಸದ ಮಾತಿಗೆ. ಅಫಜಲಪುರದ ದೌಲತರಾಯರ ಬಿಳಿ ಕಾರು ಮತ್ತೆ ನನ್ನ ಅಂಗಡಿಯ ಮುಂದೆ ನಿಂತಿದೆ. ಹೋದ ವರ್ಷ ಇದೇ ತಿಂಗಳು, ಜೇವರ್ಗಿ ದಾರಿಯಲ್ಲಿ ಭೀಮಾ ಸೇತುವೆ ದಾಟಿದ ಮೇಲೆ, ಧೋ ಎಂದು ಮಳೆ ಸುರಿಯುವಾಗ ವೈಪರ್ ನಿಂತು, ದಾರಿ ಕಾಣದೆ ತಗ್ಗಿಗೆ ಇಳಿದ ಕಾರು. ರಾಯರು ಇವತ್ತಿಗೂ ಕೋಲು ಹಿಡಿದು ನಡೆಯುತ್ತಾರೆ.

ರೋಗ ಅದೇ. ಕೀಲಿಯನ್ನು ಮೊದಲ ಗುರುತಿಗೆ ತಿರುಗಿಸಿದರೆ ರೇಡಿಯೋ, ಫ್ಯಾನು, ವೈಪರ್ ಮೂರಕ್ಕೂ ಕರೆಂಟು ಬರಬೇಕು. ಬರುವುದಿಲ್ಲ. ಇಂಜಿನ್ ಚಾಲೂ ಮಾಡಿದರೂ ಇಲ್ಲ. ಅರ್ಧ ತಾಸು ಓಡಿದ ಮೇಲೆ ತಾನಾಗಿಯೇ ಬರುತ್ತದೆ. ಅಫಜಲಪುರದಿಂದ ಇಲ್ಲಿಗೆ ಬಂದು ನಿಲ್ಲುವ ಹೊತ್ತಿಗೆ ಹೊಸ ಸೊಸೆಯ ಹಾಗೆ ಎಲ್ಲವೂ ಶಿಸ್ತು. ನಾನು ಏನು ನೋಡಲಿ, ಏನು ಬಿಚ್ಚಲಿ?

ಕೀಲಿಯ ಮೇಲೆ ಭಾರ ಬೀಳಬಾರದೆಂದು ಆ ಮೂರಕ್ಕೂ ಸೇರಿಸಿ ಒಂದು ರಿಲೇ ಹಾಕುವ ಪದ್ಧತಿಯನ್ನು ನಮ್ಮ ಅಂಗಡಿಗೆ ತಂದವನು ನೀನು. ಕೀಲಿಯಿಂದ ಸಣ್ಣ ಕರೆಂಟು ಬಂದರೆ ಆ ಡಬ್ಬಿ ಟಕ್ ಎಂದು ಬ್ಯಾಟರಿಯ ದೊಡ್ಡ ಕರೆಂಟಿಗೆ ಬಾಗಿಲು ತೆರೆಯುತ್ತದೆ ಎಂದು ನನಗೆ ಪಾಠ ಹೇಳಿದವನೂ ನೀನೇ. ನಾನು ಡೈನಮೋ ಕಾಲದವನು. ಹಾಕಿದವನಿಗೇ ಬಿಚ್ಚಲು ಗೊತ್ತು. ಯಾವ ತಂತಿಯನ್ನು ಎಲ್ಲಿಂದ ಎಲ್ಲಿಗೆ ಒಯ್ದಿದ್ದೆ, ಬರೆದು ಕಳಿಸು.

ಕಾರು ತಗ್ಗಿಗೆ ಬಿದ್ದ ಆ ದಿನ ನಾಲ್ಕು ಜನರ ಮುಂದೆ "ಇದು ಬಂದೇನವಾಜನ ಕೈಗುಣ" ಎಂದು ನಾನು ಆಡಿದ ಮಾತನ್ನು ಹಿಂದೆ ತೆಗೆದುಕೊಂಡಿದ್ದೇನೆ ಎಂದು ಮಾತ್ರ ತಿಳಿಯಬೇಡ.

ಶಾಂತಲಿಂಗಪ್ಪ

*

ಜೇವರ್ಗಿ
27 ಜುಲೈ 1994

ಶ್ರೀ ಶಾಂತಲಿಂಗಪ್ಪನವರಿಗೆ ಬಂದೇನವಾಜನ ನಮಸ್ಕಾರಗಳು.

ನಿಮ್ಮ ಪತ್ರ ತಲುಪಿತು. ಒಂದು ಮಾತು ಮೊದಲು. ನಾನು ಆ ಕಾರಿಗೆ ಹಾಕಿದ್ದ ರಿಲೇಯನ್ನೂ ತಂತಿಯನ್ನೂ ಹೋದ ವರ್ಷ ನೀವೇ ಕಿತ್ತು ಹೊರಗೆ ಎಸೆದು, ಹೊಸದನ್ನು ನಿಮ್ಮ ಕೈಯಾರೆ ಹಾಕಿದಿರಿ ಎಂದು ಆಳಂದದಿಂದ ಬಂದವರು ಹೇಳಿದ್ದಾರೆ. ಹಾಗಾದರೆ ಈಗ ಆ ಕಾರಿನಲ್ಲಿ ನನ್ನ ಕೈಯ ಕೆಲಸ ಒಂದು ಗೇಣು ಕೂಡ ಇಲ್ಲ.

ಆದರೂ ಕೇಳಿದ್ದೀರಿ, ಹೇಳುತ್ತೇನೆ. ಬಿಸಿ ಗಾಡಿಯಲ್ಲಿ ಈ ರೋಗ ಸಿಗುವುದಿಲ್ಲ. ಕಾರನ್ನು ರಾತ್ರಿಯಿಡೀ ಬಯಲಿಗೆ ಬಿಡಿ. ಬೆಳಿಗ್ಗೆ ತಂಪು ಇರುವಾಗಲೇ ಕೀಲಿ ತಿರುಗಿಸಿ, ರಿಲೇಯ ಹತ್ತಿರ ಕಿವಿ ಇಡಿ. ಟಕ್ ಎಂದರೆ ದೋಷ ಮುಂದಿನ ದಾರಿಯಲ್ಲಿದೆ. ಟಕ್ ಎನ್ನದಿದ್ದರೆ ಕೀಲಿಯಿಂದ ಬರುವ ತಂತಿಗೆ ಟೆಸ್ಟ್ ಲ್ಯಾಂಪ್ ಹಿಡಿಯಿರಿ. ಲ್ಯಾಂಪ್ ಉರಿದರೆ ಕೀಲಿ ನಿರಪರಾಧಿ. ಆಮೇಲೆ ಬ್ಯಾಟರಿಯ ಮೈನಸ್‌ನಿಂದ ಬೇರೆ ತಂತಿ ತಂದು ರಿಲೇಯ ಅರ್ತ್ ಕಾಲಿಗೆ ಮುಟ್ಟಿಸಿ. ಆಗ ಟಕ್ ಎಂದರೆ ದೋಷ ಅರ್ತಿನದು.

ಇಲ್ಲಿ ಟ್ರಾಕ್ಟರಿನ ಹಾರ್ನು, ಟ್ರಾಲಿಯ ಹಿಂದಿನ ದೀಪ ಅಷ್ಟೇ ನನ್ನ ಪಾಲಿಗೆ ಬರುವ ಕೆಲಸ. ಕಾರಿನವರು ನನ್ನ ಅಂಗಡಿ ದಾಟಿ ಕಲಬುರಗಿಗೆ ಹೋಗುತ್ತಾರೆ. ಕಾರಣ ನಿಮಗೆ ಗೊತ್ತಿದೆ.

ಇಂತಿ,
ಬಂದೇನವಾಜ

*

ಆಳಂದ
6 ಆಗಸ್ಟ್ 1994

ಬಂದೇನವಾಜ,

ಹದಿನಾಲ್ಕು ವರ್ಷ ನನ್ನ ಅಂಗಡಿಯಲ್ಲಿ ಇದ್ದವನು, "ಉಸ್ತಾದ" ಎಂದು ಕರೆಯದೆ ಒಂದು ಪಾನಾ ಎತ್ತದವನು, ಈಗ "ಶ್ರೀ ಶಾಂತಲಿಂಗಪ್ಪನವರಿಗೆ" ಎಂದು ಬರೆದಿದ್ದೀಯಾ. ನೋಡಿದೆ. ಬಡ್ಡಿ ಸಮೇತ ತೀರಿಸುತ್ತೀಯಾ ಅನ್ನು.

ನೀನು ಹೇಳಿದ ಹಾಗೆ ಮಾಡಿದೆ. ಬೆಳಿಗ್ಗೆ ಜಿಟಿಜಿಟಿ ಮಳೆ. ಕೀಲಿ ತಿರುಗಿಸಿದೆ, ಟಕ್ ಇಲ್ಲ. ಲ್ಯಾಂಪ್ ಹಿಡಿದೆ, ಉರಿಯಿತು. ಬ್ಯಾಟರಿಯಿಂದ ತಂತಿ ತಂದು ಅರ್ತ್ ಕಾಲಿಗೆ ಮುಟ್ಟಿಸಿದೆ. ಟಕ್! ರೇಡಿಯೋ ಹತ್ತಿತು, ವೈಪರ್ ಓಡಿತು. ಒಳಗಿನಿಂದ ಕಾಶಿಬಾಯಿ "ಹಾಡು ಯಾಕ ಬಂತು?" ಎಂದು ಹೊರಗೆ ಬಂದಳು. ತಂತಿ ತೆಗೆದೆ, ಸತ್ತಿತು.

ಸರಿ, ದೋಷ ಅರ್ತಿನದು. ಅರ್ತಿನ ಬೋಲ್ಟ್ ಬಿಚ್ಚಿ ಉಜ್ಜಿ ಬೆಳ್ಳಿಯ ಹಾಗೆ ಮಾಡಿ ಬಿಗಿದೆ. ಮರುದಿನ ಮತ್ತೆ ಅದೇ ಗೋಳು. ನನ್ನ ತಲೆ ನೆಟ್ಟಗಿಲ್ಲ. ಊಟಕ್ಕೆ ಕುಳಿತರೆ ಎದ್ದು ಹೋಗಿ ಬಾನೆಟ್ ಎತ್ತುತ್ತೇನೆ. ದಾರಿಯಲ್ಲಿ ಯಾವ ಗಾಡಿ ಹೋದರೂ ಅದರ ವೈಪರ್ ನೋಡುತ್ತೇನೆ.

ಇನ್ನೊಂದು ಮಾತು. ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತೇನೆ. ಇದೊಂದೇ ಕಾರಲ್ಲ. ಹಿರೋಳ್ಳಿ ಹಣಮಂತರಾಯರ ಜೀಪು, ನರೋಣಾದ ಎರಡು ಟೆಂಪೋ, ಇಲ್ಲಿಯ ಸಾವಕಾರರೊಬ್ಬರ ಕಾರು, ಎಲ್ಲಕ್ಕೂ ಈ ಮಳೆಗಾಲದಲ್ಲಿ ಇದೇ ರೋಗ. ಎಲ್ಲವೂ ನೀನು ಹೋದ ಮೇಲೆ ನಾನು ಹಾಕಿದ ರಿಲೇಗಳು. ಅಂಗಡಿ ಬದಲಿಸಿ ಸಾಮಾನು ತಂದೆ, ತಂತಿ ಬದಲಿಸಿದೆ. ಹೋದ ದಸರೆಯಲ್ಲಿ ಎಲ್ಲ ಗಾಡಿಗಳಿಗೂ ನಾನೇ ನಿಂತು ಖಂಡೇಪೂಜೆ ಮಾಡಿದ್ದೇನೆ. ದೇವರ ಕಣ್ಣೂ ತಪ್ಪಿತೇ?

ನಿನಗೆ ಏನಾದರೂ ಗೊತ್ತಿದ್ದರೆ ಹೇಳು.

ಶಾಂತಲಿಂಗಪ್ಪ

*

ಜೇವರ್ಗಿ
21 ಆಗಸ್ಟ್ 1994

ಶ್ರೀ ಶಾಂತಲಿಂಗಪ್ಪನವರಿಗೆ,

ಬೋಲ್ಟನ್ನು ಬಿಡಿ. ಬೋಲ್ಟಿನಿಂದ ಬಂದ ತಂತಿ ರಿಲೇ ಕೂರುವ ಪೀಠಕ್ಕೆ ಹೋಗುತ್ತದೆ. ರಿಲೇಯನ್ನು ಪೀಠದಿಂದ ಎಳೆದು ತೆಗೆಯಿರಿ. ಪೀಠದ ನಾಲ್ಕು ಸಂದುಗಳ ಒಳಗೆ ಕನ್ನಡಕ ಹಾಕಿಕೊಂಡು ನೋಡಿ. ಅವಸರ ಬೇಡ.

ಕೆಟ್ಟ ಗಾಡಿಗಳ ಹೆಸರು ಬರೆದಿದ್ದೀರಿ. ಅವುಗಳಿಂದ ಉಪಯೋಗವಿಲ್ಲ. ರಿಲೇ ಹಾಕಿಯೂ ಕೆಡದ ಗಾಡಿಗಳು ಯಾವುವು, ಅವುಗಳ ಹೆಸರು ಬರೆದುಕೊಳ್ಳಿ. ಅವುಗಳಿಗೆ ನೀವು ಏನು ಮಾಡಲಿಲ್ಲ ಎಂದು ಯೋಚಿಸಿ.

ಇದಕ್ಕಿಂತ ಹೆಚ್ಚು ನಾನು ಹೇಳಲಾರೆ. ಗೊತ್ತಿಲ್ಲವೆಂದಲ್ಲ. ನನ್ನ ಬಾಯಿಂದ ಬರುವ ಮಾತು ಅದಲ್ಲ.

ಬಂದೇನವಾಜ

*

ಜೇವರ್ಗಿ
9 ಸೆಪ್ಟೆಂಬರ್ 1994

ಶಾಂತಲಿಂಗಪ್ಪ ಕಾಕಾ ಅವರಿಗೆ ನಜಮುನ್ನಿಸಾ ಮಾಡುವ ಸಲಾಮು. ಕಾಶಿಬಾಯಿ ಕಾಕಿಗೂ ಹೇಳಿ.

ನನ್ನ ಕನ್ನಡ ಏಳನೇ ಇಯತ್ತೆಯದು, ತಪ್ಪಿದ್ದರೆ ಮಾಫ್ ಮಾಡಿ. ನಾನು ಬರೆಯುತ್ತಿರುವುದು ಇವರಿಗೆ ಗೊತ್ತಿಲ್ಲ.

ದಸರೆ ಆದ ಮೇಲೆ ಇವರು ಅಂಗಡಿ ಮುಚ್ಚುತ್ತಾರೆ. ಶಹಾಬಾದದಲ್ಲಿ ನನ್ನ ಅಣ್ಣನ ಸೋಡಾ ಅಂಗಡಿ ಇದೆ, ಅಲ್ಲಿ ಬಾಟಲಿ ತುಂಬಲು ಕೂರುತ್ತಾರಂತೆ. ಪಾನಾ, ಪಕ್ಕಡ, ಟೆಸ್ಟ್ ಲ್ಯಾಂಪ್ ಎಲ್ಲಕ್ಕೂ ಗಿರಾಕಿ ಬಂದು ನೋಡಿ ಹೋದ. "ದೌಲತರಾಯರ ಕಾಲು ಮುರಿದ ಮೇಸ್ತ್ರಿ" ಎಂಬ ಹೆಸರು ಇಲ್ಲಿಗೂ ಬಂದಿದೆ. ನಾವು ಬರುವ ಮೊದಲೇ ಬಂದಿತ್ತು. ಇವರು ಮಾತು ಕಡಿಮೆ ಮಾಡಿದ್ದಾರೆ. ಮನೆಯಲ್ಲಿ ಕೆಟ್ಟಿರುವ ಫ್ಯಾನನ್ನೂ ಮುಟ್ಟುವುದಿಲ್ಲ. "ನನ್ನ ಕೈಯಿಂದ ಬ್ಯಾಡ" ಎನ್ನುತ್ತಾರೆ. ಕಾಕಾ, ಆ ಕೈಗೆ ಹಾಗೆ ಹೇಳಿಸಬಾರದಿತ್ತು.

ಗಾಡಿಗಳು ಕೆಡುವ ಕಾರಣ ಏನೆಂದು ನನಗೂ ಗೊತ್ತು. ನಿಮಗೆ ಹೇಳಬಾರದೆಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಾರೆ. ಆಣೆ ಮುರಿಯುವುದಿಲ್ಲ. ಒಂದನ್ನು ಮಾತ್ರ ಕೇಳುತ್ತೇನೆ. ರಿಲೇಗೆ ಹಾಕಲು ಹಳೆಯ ಸೈಕಲ್ ಟ್ಯೂಬಿನಲ್ಲಿ ರಬ್ಬರ್ ಟೊಪ್ಪಿಗೆ ಕತ್ತರಿಸಿ ಕೊಡುತ್ತಿದ್ದವಳು ನಾನು. ಪ್ರತಿ ದಸರೆಯ ಹಿಂದಿನ ದಿನ ಇವರು ಎಲ್ಲ ಗಾಡಿಗಳಿಗೂ ಅದನ್ನು ತೊಡಿಸಿ ಮನೆಗೆ ಬರುತ್ತಿದ್ದರು. ಅದು ಯಾಕೆ ಎಂದು ನೀವು ಒಂದು ದಿನವಾದರೂ ಕೇಳಿದ್ದಿರಾ?

ನಿಮ್ಮ ಮಗಳ ಸಮಾನ,
ನಜಮುನ್ನಿಸಾ

*

ಆಳಂದ
22 ಸೆಪ್ಟೆಂಬರ್ 1994

ಬಂದೇನವಾಜ,

ನಿನ್ನ ಹೆಂಡತಿ ಪತ್ರ ಬರೆದಿದ್ದಾಳೆ. ಅವಳ ಮೇಲೆ ಸಿಟ್ಟು ಮಾಡಬೇಡ, ಆಣೆ ಮುರಿದಿಲ್ಲ. ಕೇಳಿದ್ದು ಒಂದೇ ಪ್ರಶ್ನೆ. ಆ ಪ್ರಶ್ನೆ ಓದಿ ನಾನು ಅಂಗಡಿಯ ಕಟ್ಟೆಯ ಮೇಲೆ ಮಧ್ಯಾಹ್ನದವರೆಗೆ ಕುಳಿತಿದ್ದೆ.

ಆಮೇಲೆ ರಿಲೇ ಎಳೆದೆ. ಕನ್ನಡಕ ಹಾಕಿಕೊಂಡೆ. ಪೀಠದ ಅರ್ತಿನ ಸಂದಿನಲ್ಲಿ ಹಸಿರು ಕಿಲುಬು. ಅದರ ಮೇಲೆ ಕೆಂಪು ಪದರ. ಉಗುರಿನಿಂದ ಕೆದರಿ ಮೂಸಿದೆ, ಕುಂಕುಮ. ಚಿಮುಟ ಹಾಕಿದರೆ ಸಂದಿನಿಂದ ತೆಂಗಿನ ನಾರಿನ ಎಳೆಯೊಂದು ಹೊರಗೆ ಬಂತು. ಅಂಗೈ ಮೇಲೆ ಇಟ್ಟುಕೊಂಡು ನೋಡಿದೆ.

ಬೇರೆ ಅಂಗಡಿಯವರು ಗಾಲಿಗೆ ಕಾಯಿ ಒಡೆಯುತ್ತಾರೆ. ನನಗೆ ಅದು ಸಾಲದು. ಗಾಲಿ ಪಂಕ್ಚರಿನವನ ದೇವರು, ನನ್ನ ದೇವರು ಕರೆಂಟು ಎಂದು ಮೀಸೆ ತಿರುವಿ ಬಾನೆಟ್ ಎತ್ತಿಸುತ್ತಿದ್ದೆ. ರಿಲೇಗೆ ಅರಿಶಿನ ಕುಂಕುಮ ಹಚ್ಚಿ, ಅದರ ನೆತ್ತಿಯ ಮೇಲೆ ಕಾಯಿ ಒಡೆದ ನೀರು ಸುರಿಯುತ್ತಿದ್ದೆ. ಡೈನಮೋ ಕಾಲದಲ್ಲಿ ಅದು ನಡೆಯಿತು, ಆ ಕಬ್ಬಿಣಕ್ಕೆ ಏನೂ ಆಗುತ್ತಿರಲಿಲ್ಲ. ರಿಲೇಯ ಪೀಠಕ್ಕೆ ಆ ನೀರು ತಂತಿ ಹಿಡಿದು ಇಳಿಯಿತು. ಬೇಸಿಗೆಯಲ್ಲಿ ಒಣಗಿ ಸುಮ್ಮನಿತ್ತು. ಮಳೆಗಾಲದ ಥಂಡಿಗೆ ಕಿಲುಬೆದ್ದು ದಾರಿ ಕಟ್ಟಿತು. ಇಂಜಿನ್ ಬಿಸಿಯಾಗಿ ತೇವ ಆರಿದ ಕೂಡಲೇ ಮತ್ತೆ ದಾರಿ ಬಿಟ್ಟಿತು. ಹೋದ ವರ್ಷ ಸೇತುವೆಯಾಚೆ ಧೋ ಮಳೆಯ ನೀರು ಒಳಗೆ ಸಿಡಿದು, ಬಿಸಿ ಗಾಡಿಯಲ್ಲೂ ಅದೇ ದಾರಿ ಕಟ್ಟಿತು.

ಕೆಡದ ಗಾಡಿಗಳನ್ನೂ ಎಣಿಸಿದೆ. ಖಾಜಿ ಸಾಹೇಬರ ಜೀಪು, ಅದು ಪೂಜೆಗೆ ಬರುವುದಿಲ್ಲ. ದವಾಖಾನೆ ಡಾಕ್ಟರರ ಕಾರು, ಅವರು ದಸರೆಗೆ ಊರಲ್ಲೇ ಇರಲಿಲ್ಲ. ಕಡಗಂಚಿಯ ಟೆಂಪೋ. ಅವರ ಮನೆಯಲ್ಲಿ ಹೋದ ದಸರೆಗೆ ಸೂತಕವಿತ್ತು, ಪೂಜೆ ಮಾಡಿಸಲಿಲ್ಲ. ಇನ್ನು ಯಾವ ಸಾಕ್ಷಿ ಬೇಕು?

ಉಳಿದದ್ದನ್ನೂ ಬರೆಯುತ್ತೇನೆ. ತೊಂಬತ್ತೆರಡರ ದಸರೆಯಲ್ಲಿ ದೌಲತರಾಯರ ಕಾರಿನ ಬಾನೆಟ್ ಎತ್ತಿದಾಗ, ಅಷ್ಟು ವರ್ಷ ಕಂಡೂ ಗಮನಿಸದ ನಿನ್ನ ರಬ್ಬರ್ ಟೊಪ್ಪಿಗೆ ಆ ಒಂದು ಕಾರಿನಲ್ಲಿ ನನ್ನ ಕಣ್ಣಿಗೆ ಚುಚ್ಚಿತು. "ದೇವರ ಮುಂದ ತೆಲಿ ಮ್ಯಾಲ ಹರಕ ಟ್ಯೂಬ್ ಏನೋ ಇದು?" ಎಂದು ಎಲ್ಲರ ಎದುರು ಕಿತ್ತು ಚರಂಡಿಗೆ ಎಸೆದವನು ನಾನು. ನೀನು ನನ್ನ ಮುಖ ನೋಡಿದೆ, ಏನೋ ಹೇಳಲು ಬಾಯಿ ತೆರೆದೆ, ಮುಚ್ಚಿದೆ. ಮುಂದಿನ ಜುಲೈಯಲ್ಲಿ ಆ ಕಾಲು ಮುರಿದದ್ದು ನನ್ನ ಕೈಯಿಂದ. ಹೆಸರು ಹಚ್ಚಿದ್ದು ನಿನಗೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲವನ್ನೇ ಊರು ಬಿಡಿಸಿದೆ.

ನಿನ್ನೆ ಅಫಜಲಪುರಕ್ಕೆ ಹೋಗಿ ದೌಲತರಾಯರ ಮುಂದೆ ಆ ನಾರಿನ ಎಳೆ ಇಟ್ಟು ಎಲ್ಲ ಹೇಳಿದೆ. ಬಹಳ ಹೊತ್ತು ತಮ್ಮ ಕಾಲು ನೋಡಿಕೊಂಡರು. ಆಮೇಲೆ ಅಂದರು: "ಶಾಂತಲಿಂಗಪ್ಪ, ನನ್ನ ಮುಂದ ಹೇಳಿದಿ, ಮುಗೀತು. ಬಜಾರದಾಗ ಹೇಳಬ್ಯಾಡ. ಪೂಜಾ ಮಾಡಿದ್ದಕ್ಕ ಕಾರು ಕೆಡ್ತು ಅಂದ್ರ ಮಂದಿ ನಿನ್ನ ಅಂಗಡಿ ಕಟ್ಟಿ ಹತ್ತಂಗಿಲ್ಲ. ಆ ಬಂದೇನವಾಜ ಹ್ಯಾಂಗೂ ಊರು ಬಿಟ್ಟಾನ. ಇದ್ದ ಮಾತು ಇದ್ದಂಗ ಇರ್ಲಿ."

"ಅಂವ ಊರು ಬಿಟ್ಟಾನ್ರಿ ರಾಯರ, ನಾ ಇಲ್ಲೇ ಅದೀನಲ್ರಿ" ಎಂದೆ. ಅಂದದ್ದು ಅಷ್ಟೇ. ಎದ್ದು ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಅವರ ಮಾತು ಕೂಡ ಸರಿ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಮೂವತ್ತು ವರ್ಷದ ಅಂಗಡಿ. ಹೆದರಿಕೆ ಆಗುತ್ತಿದೆ. ಕಾಶಿಬಾಯಿ ಬೈದಳು: "ವರ್ಷ ಆತು, ಅಂವ ನಿಮ್ಮ ಸಲುವಾಗಿ ಬಾಯಿ ಮುಚ್ಚ್ಯಾನ. ನಿಮಗ ಒಂದ ದಿನ ಬಾಯಿ ತೆರಿಯಾಕ ಆಗವಲ್ದೇನ್ರಿ?" ನೀನು ಸಾಮಾನು ಮಾರಬೇಡ. ದಸರೆಯವರೆಗೆ ತಡೆ.

ಶಾಂತಲಿಂಗಪ್ಪ

*

ಆಳಂದ
15 ಅಕ್ಟೋಬರ್ 1994

ಬಂದೇನವಾಜ,

ಮೂರು ವಾರವಾಯಿತು, ನಿನ್ನಿಂದ ಉತ್ತರವಿಲ್ಲ. ಸಾಮಾನು ಮಾರಿದೆಯೋ ಇಟ್ಟಿದ್ದೀಯೋ ಗೊತ್ತಿಲ್ಲ. ಅಂಚೆಯವನು ದೂರದಲ್ಲಿ ಕಂಡರೆ ನಾನೇ ಎದುರು ಹೋಗುತ್ತಿದ್ದೆ. ಈಗ ಅವನು ನನ್ನನ್ನು ಕಂಡು ಓಣಿ ಬದಲಿಸುತ್ತಾನೆ.

ಮೊನ್ನೆ ಖಂಡೇಪೂಜೆ. ಹದಿನೇಳು ಗಾಡಿ ಸಾಲಾಗಿ ನಿಂತಿದ್ದವು. ರೂಢಿಯಂತೆ ಎಲ್ಲರೂ ಬಾನೆಟ್ ಎತ್ತಿ ನನಗಾಗಿ ಕಾದರು. ನಾನು ಕೈಯಲ್ಲಿ ಕಾಯಿ ಹಿಡಿದು ನಿಂತೆ. ಹಿಂದಿನ ದಿನದಿಂದ ಹೇಳುವ ಮಾತನ್ನು ಬಾಯಿಪಾಠ ಮಾಡಿದ್ದೆ, ಆ ಹೊತ್ತಿಗೆ ಒಂದೂ ನೆನಪಾಗಲಿಲ್ಲ. ಬಂದದ್ದು ಇಷ್ಟೇ:

"ಕೇಳ್ರಿ ಎಲ್ಲಾರೂ. ದೌಲತರಾಯರ ಕಾರು ಕೆಡಿಸಿದಾಂವ ಬಂದೇನವಾಜ ಅಲ್ಲ, ನಾನು. ಈ ಕೈಲೆ ಕಾಯಿನೀರು ರಿಲೇ ಮ್ಯಾಲ ಸುರುವಿದೆ. ಅಂವ ನೀರು ಹೋಗಬಾರದಂತ ರಬ್ಬರ್ ಹಾಕಿದ್ದ, ಅದನ್ನೂ ನಾನೇ ಕಿತ್ತು ಒಗದೆ. ಅಂವನ ಹೆಸರು ಕೆಡಿಸೀನಿ. ನಿಮ್ಮ ಮುಂದ ಕೆಡಿಸಿದ್ದೆ, ನಿಮ್ಮ ಮುಂದೇ ತಪ್ಪು ಒಪ್ಕೊಳ್ಳಾಕತ್ತೇನಿ."

ಹಿರೋಳ್ಳಿಯ ಹಣಮಂತರಾಯರು ಮುಂದೆ ಬಂದು "ದೇವರ ನೀರಿಗೆ ದೋಷ ಹಚ್ಚತಿಯೇನು?" ಎಂದು ಗದರಿದರು. "ನೀರಿಗೆ ಅಲ್ರಿ, ಸುರುವಿದ ಕೈಗೆ" ಎಂದೆ. ಅವರು ಬಾನೆಟ್ ಧಡ್ ಎಂದು ಮುಚ್ಚಿಸಿ ಜೀಪು ತಿರುಗಿಸಿಕೊಂಡು ಹೋದರು. ಅವರ ಹಿಂದೆ ಇನ್ನೂ ಮೂರು ಗಾಡಿ ಹೋದವು. ಹದಿಮೂರು ನಿಂತವು. ಅವುಗಳ ಗಾಲಿಯ ಮುಂದೆ ಕಾಯಿ ಒಡೆದೆ. ಆಮೇಲೆ ಕಾಶಿಬಾಯಿ ಕತ್ತರಿಸಿಟ್ಟ ರಬ್ಬರ್ ಟೊಪ್ಪಿಗೆಗಳನ್ನು ಒಂದೊಂದಾಗಿ ತೊಡಿಸಿದೆ. ತುಸು ಸಣ್ಣವಾದವು. ನಜಮುನ್ನಿಸಾಳ ಅಳತೆ ನಮಗೆ ಬರಲಿಲ್ಲ.

ಕೊನೆಗೆ ಬಸ್ ಸ್ಟ್ಯಾಂಡಿನಿಂದ ಒಂದು ರಿಕ್ಷಾದಲ್ಲಿ ದೌಲತರಾಯರು ಬಂದರು. ಕೋಲೂರಿ ಇಳಿದು, ಎಲ್ಲ ಕೇಳಿಸಿಕೊಂಡವರ ಹಾಗೆ ನಿಂತು, "ಹೇಳೇ ಬಿಟ್ಟಿ ಹೌದಿಲ್ಲೋ" ಎಂದರು. ಬೈಯಲಿಲ್ಲ, ಹೊಗಳಲೂ ಇಲ್ಲ. ಒಂದು ಕಪ್ ಚಹಾ ಕುಡಿದು ಹೋದರು.

ನಿನ್ನೆ ಬನ್ನಿಯ ದಿನ. ಕಿರಿಯರು ಹಿರಿಯರಿಗೆ ಬನ್ನಿ ಕೊಟ್ಟು ಕಾಲಿಗೆ ಬೀಳುವುದು ರೂಢಿ. ಹದಿನಾಲ್ಕು ವರ್ಷ ನೀನೂ ಕೊಟ್ಟಿದ್ದೀ, ನಾನು ಗತ್ತಿನಿಂದ ತೆಗೆದುಕೊಂಡಿದ್ದೇನೆ. ಈ ಸಲ ಲಕೋಟೆಯಲ್ಲಿ ಬನ್ನಿ ಎಲೆ ಇಟ್ಟಿದ್ದೇನೆ. ನಾನು ನಿನಗೆ ಕೊಡುತ್ತಿರುವುದು. ನನ್ನದು ತಪ್ಪಾಯಿತು ಬಂದೇನವಾಜ.

ಶಾಂತಲಿಂಗಪ್ಪ

*

ಜೇವರ್ಗಿ
26 ಅಕ್ಟೋಬರ್ 1994

ಉಸ್ತಾದರಿಗೆ ಬಂದೇನವಾಜನ ಸಲಾಮು.

ನಿಮ್ಮ ಸೆಪ್ಟೆಂಬರಿನ ಪತ್ರ ಬಂದ ದಿನ ನನಗೆ ಸಂತೋಷವಾಗಲಿಲ್ಲ, ಸಿಟ್ಟು ಬಂತು. ನಾಲ್ಕು ಸಲ ಉತ್ತರ ಬರೆದು ಹರಿದೆ. ನಾನು ಯಾಕೆ ಹೇಳಲಿಲ್ಲ ಎಂದು ನೀವು ಇನ್ನೂ ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ. ರಿಲೇ ಹಾಕಲು ಶುರು ಮಾಡಿದ ಮೊದಲ ವರ್ಷವೇ ಹೇಳಿದ್ದೆ. "ಉಸ್ತಾದ, ನೀರು ತುಸು ದೂರ ಹಾಕ್ರಿ" ಎಂದಿದ್ದೆ. ಅಲ್ಲಿದ್ದ ಡ್ರೈವರ್ ಒಬ್ಬ "ನಮ್ಮ ಪೂಜಿ ನಿನಗೇನು ಗೊತ್ತೋ ಸಾಬಾ" ಎಂದು ನಕ್ಕ. ನೀವೂ ನಕ್ಕಿರಿ. ಅವನು ನಕ್ಕದ್ದು ಆ ದಿನವೇ ಮರೆತೆ. ನೀವು ನಕ್ಕದ್ದು ಮರೆಯಲಿಲ್ಲ. ಅಂದಿನಿಂದ ಬಾಯಿಯ ಬದಲು ರಬ್ಬರ್ ಟ್ಯೂಬು ಹಿಡಿದೆ. ಕಾಲು ಮುರಿದ ವರ್ಷ ಊರಿನ ಗಾಳಿ ಹೇಗಿತ್ತು ಎಂಬುದು ನಿಮಗೇ ಗೊತ್ತು. ಆಗ ನಾನು ನಿಂತು "ನಿಮ್ಮ ಪೂಜೆಯಿಂದ ಕೆಟ್ಟಿತು" ಎಂದಿದ್ದರೆ ಕಾರಿನ ಮಾತು ಯಾರಿಗೂ ಕೇಳಿಸುತ್ತಿರಲಿಲ್ಲ.

ಬರೆದ ಮೇಲೆ ಹಗುರಾಯಿತು. ಇನ್ನು ಆ ಮಾತು ಬೇಡ.

ಸಾಮಾನು ಮಾರಿಲ್ಲ. ಗಿರಾಕಿ ಬಂದ ದಿನ ಪೆಟ್ಟಿಗೆಯ ಕೀಲಿ ಕಳೆದಿದೆ ಎಂದು ನಜಮುನ್ನಿಸಾ ಹೇಳಿದಳು. ನಿಮ್ಮ ಬನ್ನಿ ಬಂದ ದಿನ ಅದು ಅವಳ ಸೊಂಟದಲ್ಲೇ ಸಿಕ್ಕಿತು. ಮನೆಯ ಫ್ಯಾನು ರಿಪೇರಿ ಮಾಡಿದೆ. ಎಲೆ ಆ ಪೆಟ್ಟಿಗೆಯಲ್ಲಿದೆ.

ಆಳಂದಕ್ಕೆ ನಾನು ಬರುವುದಿಲ್ಲ. ಇಲ್ಲೇ ಇರುತ್ತೇನೆ. ನೀವು ಬನ್ನಿ. ಆಳಂದದಲ್ಲಿ ಹೇಳಿದ್ದು ಆಳಂದಕ್ಕೆ ಕೇಳಿಸಿತು, ಜೇವರ್ಗಿಗೆ ಇನ್ನೂ ಕೇಳಿಸಿಲ್ಲ. ಒಂದು ದಿನ ನನ್ನ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯಿರಿ. ಶಾಂತಲಿಂಗಪ್ಪ ಉಸ್ತಾದರು ಬಂದೇನವಾಜನ ಅಂಗಡಿಯಲ್ಲಿ ಕೂತಿದ್ದನ್ನು ಕಾರಿನವರು ನೋಡಲಿ. ಬೇರೆ ಏನೂ ಹೇಳಬೇಕಾಗಿಲ್ಲ. ಕಾಕಿಯನ್ನೂ ಕರೆದು ತನ್ನಿ, ಟೊಪ್ಪಿಗೆಯ ಅಳತೆಯನ್ನು ನಜಮುನ್ನಿಸಾ ತೋರಿಸುತ್ತಾಳಂತೆ.

ಈ ಅಂಗಡಿಗೆ ನಾನು ಪೂಜೆ, ಫಾತಿಹಾ ಏನೂ ಮಾಡಿಸದೆ ಬಾಗಿಲು ತೆರೆದಿದ್ದೆ. ಬರುವಾಗ ಒಂದು ತೆಂಗಿನಕಾಯಿ ತನ್ನಿ ಉಸ್ತಾದ. ನೀವೇ ಒಡೆಯಬೇಕು. ಎಲ್ಲಿ ಒಡೆಯಬೇಕು ಎಂಬುದನ್ನು ಮಾತ್ರ ನಾನು ತೋರಿಸುತ್ತೇನೆ.

ನಿಮ್ಮ,
ಬಂದೇನವಾಜ